ಪ್ರತಿ ಮಧ್ಯಮ ಹೆದರಿಸಿದ ಕಥೆ

ಮೊದಲು ಮಳೆ. ಆಮೇಲೆ ಗುಡುಗು, ದೂರದಲ್ಲೊಂದು ಚರ್ಚಿನ ಗಂಟೆ. ಆ ಮಳೆಯನ್ನು ಸೀಳಿಕೊಂಡು ಬರುವ ಗಿಟಾರ್ ನುಡಿಸುವುದು ಮೂರೇ ಸ್ವರಗಳನ್ನು: ಕೆಳಗಿನ ಷಡ್ಜ ಅಂದರೆ 'ಸ', ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ, ಅಂದರೆ ಏರಿಸಿದ 'ಮ'. ಮೂರನೆಯದರ ಮೇಲೆ ಬೆರಳು ನಿಂತು ನಡುಗುತ್ತದೆ. ಬ್ಲ್ಯಾಕ್ ಸ್ಯಾಬತ್ ಬ್ಯಾಂಡಿನ ಮೊದಲ ಆಲ್ಬಂ ಶುರುವಾಗುವುದು ಹೀಗೆ. ಬ್ಯಾಂಡಿಗೆ, ಆಲ್ಬಂಗೆ, ಈ ಮೊದಲ ಹಾಡಿಗೆ ಇರುವುದು ಒಂದೇ ಹೆಸರು.

ನಾನು ಇದನ್ನು ಮೊದಲು ಕೇಳಿದ್ದು ತೊಂಬತ್ತರ ದಶಕದಲ್ಲಿ, ಹನುಮಂತನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ. ಗೆಳೆಯನ ಅಣ್ಣ ತುಂಬಿಸಿಕೊಟ್ಟ ಕ್ಯಾಸೆಟ್ ಅದು. ಪಕ್ಕದ ಮನೆಯಲ್ಲಿ ವೀಣೆ ಮೇಷ್ಟ್ರು ಇದ್ದರು. ಅವರ ಕಿಟಕಿಗೂ ನಮ್ಮ ಕಿಟಕಿಗೂ ನಡುವೆ ಒಂದು ಸಂಪಿಗೆ ಮರದಷ್ಟೇ ಅಂತರ. ಸಂಜೆ ಕಾಂಪೌಂಡಿನ ಬಳಿ ನಿಲ್ಲಿಸಿ ಕೇಳಿದರು: "ಅಲ್ಲಪ್ಪ, ಪ್ರತಿ ಮಧ್ಯಮವನ್ನು ಹಿಡಿದುಕೊಂಡು ಯಾಕೆ ಹಾಗೆ ಹೆದರಿಸುತ್ತಾರೆ? ಕಲ್ಯಾಣಿ ರಾಗದ ಸ್ವರವಲ್ಲವೆ ಅದು?"

ನನ್ನಲ್ಲಿ ಉತ್ತರವಿರಲಿಲ್ಲ. ಬೈಯುತ್ತಾರೆಂದು ಹೆದರಿ ನಿಂತಿದ್ದವನಿಗೆ ಸ್ವರದ ಹೆಸರು ಸಿಕ್ಕಿತ್ತು.

2025ರ ಜುಲೈ 22ರಂದು ಬ್ಯಾಂಡಿನ ಗಾಯಕ ಆಜಿ ಆಸ್ಬೋರ್ನ್ ತೀರಿಕೊಂಡರು. ಅಂದು ರಾತ್ರಿ ಆಲ್ಬಂ ಅನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಕೇಳಿದೆ. ಮರುದಿನ ಗೆಳೆಯರ ನಡುವೆ ಹಳೆಯ ಜಗಳವೇ ಎದ್ದಿತು. ಮೆಟಲ್ ಎಂಬ, ಭಾರವಾದ ಗಿಟಾರಿನ ಇಡೀ ರಾಕ್ ಸಂಗೀತ ಹುಟ್ಟಿದ್ದು ಇಲ್ಲಿಂದ ಎಂದು ಒಬ್ಬ, ಹೆಸರು ಬಂದ ಗದ್ದಲ ಇದು ಎಂದು ಇನ್ನೊಬ್ಬ. ಈ ಜಗಳಕ್ಕೆ ಆಲ್ಬಂನಷ್ಟೇ ವಯಸ್ಸಾಗಿದೆ.

ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಎಂಬ ಬಡಾವಣೆಯ ನಾಲ್ವರು ಹುಡುಗರು ಇವರು. ಎರಡನೇ ಮಹಾಯುದ್ಧದ ಬಾಂಬುಗಳು ಬಿದ್ದ, ಕಾರ್ಖಾನೆಗಳಿಂದಲೇ ಹೊಟ್ಟೆ ಹೊರೆಯುವ ಊರು. ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಹದಿನೇಳನೆಯ ವಯಸ್ಸಿನಲ್ಲಿ, ಆ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರಾದ್ದರಿಂದ ತಂತಿ ಒತ್ತುವ ಕೈ ಅದೇ. ಇನ್ನು ಗಿಟಾರ್ ಮುಟ್ಟಲಾರೆ ಎಂದು ಕುಳಿತಿದ್ದವರಿಗೆ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಒಂದು ರೆಕಾರ್ಡ್ ಕೇಳಿಸಿದರು. ಬೆಂಕಿಯಲ್ಲಿ ಸುಟ್ಟು ಎರಡು ಬೆರಳು ಸ್ವಾಧೀನ ತಪ್ಪಿದ ಮೇಲೂ ಗಿಟಾರ್ ನುಡಿಸಿದ ಜ್ಯಾಂಗೋ ರೈನ್‌ಹಾರ್ಟ್ ಅವರ ರೆಕಾರ್ಡ್ ಅದು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡರು, ಮೇಲೆ ಚರ್ಮದ ಚೂರು ಅಂಟಿಸಿದರು, ಒತ್ತಲು ಹಗುರವಾಗಲೆಂದು ತೆಳ್ಳಗಿನ ತಂತಿಗಳನ್ನು ಕಟ್ಟಿದರು. ಈ ಸಂಗೀತವನ್ನು ಸೋಮಾರಿಗಳ ಗದ್ದಲ ಎನ್ನುವವರ ಮುಂದೆ ನಾನು ಮೊದಲು ಇಡುವುದು ಈ ಎರಡು ಬೆರಳುಗಳನ್ನು.

1969ರ ಅಕ್ಟೋಬರ್ 16ರಂದು ಲಂಡನ್ನಿನ ಸ್ಟುಡಿಯೊ ಒಂದರಲ್ಲಿ, ಸುಮಾರು ಹನ್ನೆರಡು ಗಂಟೆಗಳಲ್ಲಿ ಧ್ವನಿಮುದ್ರಣ ಮುಗಿಯಿತು. ನಡುವೆ ಅಯೋಮಿ ಅವರ ಗಿಟಾರ್ ಕೆಟ್ಟು, ಜೊತೆಗಿಟ್ಟುಕೊಂಡಿದ್ದ ಇನ್ನೊಂದನ್ನು ಕೈಗೆತ್ತಿಕೊಳ್ಳಬೇಕಾಯಿತು. ವೇದಿಕೆಯಲ್ಲಿ ನುಡಿಸುವಂತೆಯೇ ನಾಲ್ವರೂ ಒಟ್ಟಿಗೆ ನುಡಿಸಿದರು. ಮಳೆ, ಗುಡುಗು, ಗಂಟೆ ಆಮೇಲೆ ಸೇರಿದವು. 1970ರ ಫೆಬ್ರವರಿ 13, ಶುಕ್ರವಾರ, ಆಲ್ಬಂ ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಅಲ್ಲಿನವರಿಗೆ ಹದಿಮೂರನೆಯ ತಾರೀಖಿನ ಶುಕ್ರವಾರ ಎಂದರೆ ನಮ್ಮಲ್ಲಿ ಅಮಾವಾಸ್ಯೆಯ ದಿನ ಗೃಹಪ್ರವೇಶ ಇಟ್ಟುಕೊಂಡಂತೆ.

ಜನ ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ ಎಂಟನೆಯ ಸ್ಥಾನ, ಅಮೆರಿಕದಲ್ಲಿ ಇಪ್ಪತ್ತಮೂರನೆಯದು. ವಿಮರ್ಶಕರು ಹರಿಹಾಯ್ದರು. ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಬರೆದ ವಿಮರ್ಶೆಯ ತೀರ್ಪು ಇಷ್ಟು: ಥೇಟ್ ಕ್ರೀಮ್ ಬ್ಯಾಂಡಿನ ಹಾಗೆ, ಅದಕ್ಕಿಂತಲೂ ಕೆಟ್ಟದಾಗಿ. ಬ್ಯಾಂಗ್ಸ್ ಕಿವುಡರಾಗಿರಲಿಲ್ಲ. ಎರಿಕ್ ಕ್ಲಾಪ್ಟನ್ ಇದ್ದ ಕ್ರೀಮ್ ಬ್ಲೂಸ್ ಸಂಗೀತವನ್ನು ಹಿಗ್ಗಿಸಿ, ಮೂವರೂ ಪೈಪೋಟಿಗೆ ಬಿದ್ದವರಂತೆ ನುಡಿಸುತ್ತಿದ್ದ ತಂಡ. ಆ ಅಳತೆಗೋಲು ಹಿಡಿದು ನೋಡಿದರೆ ಈ ಹುಡುಗರ ನುಡಿಸಾಣಿಕೆ ಮಂದ, ಒರಟು. ಮಂದವಾಗಿರುವುದೇ, ಭಾರವಾಗಿರುವುದೇ ಇವರ ಉದ್ದೇಶ ಎಂದು ಹೇಳುವ ಇನ್ನೊಂದು ಅಳತೆಗೋಲು ಆಗ ಇರಲಿಲ್ಲ. ಅದನ್ನು ಮಾಡಿಕೊಟ್ಟದ್ದು ಇದೇ ಆಲ್ಬಂ. ಎರಡು ವರ್ಷ ಕಳೆದ ಮೇಲೆ, 1972ರಲ್ಲಿ, ಅದೇ ಬ್ಯಾಂಗ್ಸ್ ಮತ್ತೊಂದು ಪತ್ರಿಕೆಯಲ್ಲಿ ಈ ಬ್ಯಾಂಡಿನ ಬಗ್ಗೆ ಗೌರವದಿಂದ ದೀರ್ಘವಾಗಿ ಬರೆದರು. ರೋಲಿಂಗ್ ಸ್ಟೋನ್ 2017ರಲ್ಲಿ ಪ್ರಕಟಿಸಿದ ನೂರು ಶ್ರೇಷ್ಠ ಮೆಟಲ್ ಆಲ್ಬಂಗಳ ಪಟ್ಟಿಯಲ್ಲಿ ಇದು ಐದನೆಯದು.

ಇನ್ನು ಮೇಷ್ಟ್ರ ಪ್ರಶ್ನೆ. ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ಇರುವ ಅಂತರ ಸಪ್ತಕದ ಸರಿಯಾದ ನಡುಮಧ್ಯ. ಎತ್ತಲಿಂದ ಎಣಿಸಿದರೂ ಆರು ಸ್ವರಸ್ಥಾನ. ಯುರೋಪಿನ ಶಾಸ್ತ್ರಕಾರರು ಇದನ್ನು ಕರ್ಕಶವೆಂದು ದೂರವಿಟ್ಟಿದ್ದರು. ಹದಿನೆಂಟನೆಯ ಶತಮಾನದ ಬರಹಗಳಲ್ಲಿ ಇದಕ್ಕೆ 'ಸಂಗೀತದೊಳಗಿನ ಸೈತಾನ' ಎಂಬ ಹೆಸರೂ ಸಿಗುತ್ತದೆ. ಮಧ್ಯಯುಗದಲ್ಲಿ ಚರ್ಚು ಇದನ್ನು ನಿಷೇಧಿಸಿತ್ತು ಎಂದು ಮೆಟಲ್ ಅಭಿಮಾನಿಗಳು ಹೇಳಿಕೊಂಡು ಬಂದಿರುವ ಕಥೆಗೆ ಮಾತ್ರ ಆಧಾರವಿಲ್ಲ. ಅಂತೂ ಆ ಜನರ ಕಿವಿಗೆ ಈ ಅಂತರ ತಲೆಮಾರುಗಳಿಂದ ಅಪಶಕುನ. ಬಾಸ್ ಗಿಟಾರಿನ ಗೀಜರ್ ಬಟ್ಲರ್ ಹೋಲ್ಸ್ಟ್ ಎಂಬ ಸಂಯೋಜಕರು ಮಂಗಳಗ್ರಹದ ಮೇಲೆ ರಚಿಸಿದ ಕೃತಿಯ ಒಂದು ತುಣುಕನ್ನು ನುಡಿಸುತ್ತಿದ್ದರಂತೆ. ಅದು ಅಯೋಮಿ ಅವರ ಕೈಯಲ್ಲಿ ಈ ಮೂರು ಸ್ವರಗಳಾಯಿತು.

ನಮ್ಮಲ್ಲಿ? ಹದಿನೇಳನೆಯ ಶತಮಾನದಲ್ಲಿ ಸಂಗೀತ ಶಾಸ್ತ್ರಕಾರ ವೆಂಕಟಮಖಿ ಎಪ್ಪತ್ತೆರಡು ಮೇಳಗಳನ್ನು, ಅಂದರೆ ರಾಗಗಳ ಮೂಲ ಸ್ವರಗುಚ್ಛಗಳನ್ನು, ಹೊಂದಿಸಿದಾಗ ಸರಿಯಾಗಿ ಅರ್ಧವನ್ನು, ಮೂವತ್ತಾರನ್ನು, ಪ್ರತಿ ಮಧ್ಯಮಕ್ಕೆ ಬಿಟ್ಟುಕೊಟ್ಟರು. ಮದುವೆ ಮನೆಯ ನಾಗಸ್ವರದಲ್ಲಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳಲ್ಲಿ ಕಲ್ಯಾಣಿ ಕೇಳಿಕೊಂಡು ಬೆಳೆದ ಬೆಂಗಳೂರಿನ ಕಿವಿಗೆ ಈ ಸ್ವರ ಮಂಗಳಕರ. ಸ್ಯಾಬತ್ ಹಾಡಿನಲ್ಲಿ ಆ ಸ್ವರ ನಡುಗುವುದು ಕೂಡ ಅದರ ಮೇಲಿನ ಸ್ವರವಾದ ಪಂಚಮವನ್ನು ಮುಟ್ಟಿ ಮುಟ್ಟಿ ಬರುತ್ತಾ. ಕಲ್ಯಾಣಿಯ ಮಧ್ಯಮದ ಗಮಕಕ್ಕೆ, ಅಂದರೆ ಸ್ವರವನ್ನು ಓಲಾಡಿಸುವ ರೀತಿಗೆ, ತೀರ ದೂರದ್ದಲ್ಲ. ಆದರೆ ಕಛೇರಿಯಲ್ಲಿ ಹಿಂದೆ ತಂಬೂರಿ ಇರುತ್ತದೆ. ಅದರ ಪಂಚಮ ಎಡೆಬಿಡದೆ ಮೊಳಗುತ್ತಾ ಮಧ್ಯಮಕ್ಕೆ ಹೋಗಿ ಸೇರುವ ಮನೆಯೊಂದನ್ನು ತೋರಿಸುತ್ತಿರುತ್ತದೆ. ಅಯೋಮಿ ಅದನ್ನು ಮನೆ ಸೇರಲು ಬಿಡುವುದಿಲ್ಲ. ಪಂಚಮದ ಹೊಸ್ತಿಲು ಮುಟ್ಟಿಸಿ ಹೊರಗೇ ನಿಲ್ಲಿಸುತ್ತಾರೆ, ಅದೂ ಮತ್ತೆ ಮತ್ತೆ. ಭಯ ಇರುವುದು ಆ ನಿಲುಗಡೆಯಲ್ಲಿ.

ಹೆದರಿಸುವುದು ಸಂಗೀತದ ಕೆಲಸವೇ ಎಂದು ಕೇಳುವವರಿದ್ದಾರೆ. ಭಯಾನಕವನ್ನೂ ಬೀಭತ್ಸವನ್ನೂ ನವರಸಗಳ ಪಂಕ್ತಿಯಲ್ಲಿ ಕೂರಿಸಿದ ಪರಂಪರೆ ನಮ್ಮದು. ರವೀಂದ್ರ ಕಲಾಕ್ಷೇತ್ರದಲ್ಲಿ ಯಕ್ಷಗಾನ ನೋಡಿದವರಿಗೆ ಬಣ್ಣದ ವೇಷದ ಪ್ರವೇಶ ಗೊತ್ತು. ಚೆಂಡೆ ಏರುತ್ತದೆ, ತೆರೆಯ ಹಿಂದಿನಿಂದ ಅಟ್ಟಹಾಸ ಕೇಳುತ್ತದೆ, ಮುಖ ಕಾಣಿಸದೆ ಬಹಳ ಹೊತ್ತು ಕಾಯಿಸುತ್ತಾರೆ. ಮಕ್ಕಳು ಅಮ್ಮನ ಸೆರಗು ಹಿಡಿದುಕೊಂಡೇ ಇಣುಕಿ ನೋಡುತ್ತವೆ. ಸ್ಯಾಬತ್ ಹುಡುಗರು ಕಂಡುಕೊಂಡದ್ದೂ ಇದನ್ನೇ. ದುಡ್ಡು ಕೊಟ್ಟು ಭಯದ ಸಿನಿಮಾ ನೋಡುವ ಜನ ಭಯದ ಹಾಡನ್ನೂ ಕೇಳಿಯಾರು ಎಂದುಕೊಂಡು, ಅಂಥದ್ದೇ ಸಿನಿಮಾ ಒಂದರ ಹೆಸರನ್ನು ತಮ್ಮ ಬ್ಯಾಂಡಿಗೆ ಇಟ್ಟುಕೊಂಡರು.

ಅಭಿರುಚಿಯ ಹೆಸರಿನಲ್ಲಿ ಬಾಗಿಲು ಹಾಕಿದ ಚರಿತ್ರೆ ನಮ್ಮದೂ ಇದೆ. ಹಾರ್ಮೋನಿಯಂನಲ್ಲಿ ಗಮಕ ಬಾರದು, ಅದರ ಸ್ವರಗಳು ನಮ್ಮ ಶ್ರುತಿಗಳಿಗೆ ಹೊಂದವು ಎಂದು ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರವರೆಗೆ ಆ ನಿಷೇಧ ನಡೆಯಿತು. ಆಕ್ಷೇಪದಲ್ಲಿ ತಥ್ಯವಿಲ್ಲ ಎನ್ನಲಾರೆ. ಆದರೆ ಅದೇ ಕಾಲದಲ್ಲಿ ನಮ್ಮ ನಾಟಕ ಕಂಪನಿಗಳ ರಂಗಗೀತೆಗಳೆಲ್ಲ ಹಾರ್ಮೋನಿಯಂನ ಬೆನ್ನೇರಿ ಊರೂರು ಸುತ್ತಿದವು, ಅವನ್ನು ಕೇಳಿ ನಮ್ಮ ಅಜ್ಜ ಅಜ್ಜಿಯರು ಅತ್ತರು. 1952ರಿಂದ ಸಚಿವ ಬಿ.ವಿ. ಕೇಸ್ಕರ್ ರೇಡಿಯೊದಲ್ಲಿ ಚಿತ್ರಗೀತೆಗಳನ್ನು ಹಿಂದಕ್ಕೆ ತಳ್ಳಿದರು. ಕೇಳುಗರು ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥ್ ಅದರಲ್ಲಿ ಗಮಕಗಳನ್ನು ಒಲಿಸಿಕೊಂಡ ಮೇಲೆ ಯಾವ ಸಭೆಯೂ ಅವರಿಗೆ ದೂರವಾಗಲಿಲ್ಲ.

ಎರಡು ಕಿವಿಗಳನ್ನೂ ತೆರೆದಿಟ್ಟುಕೊಂಡವರೂ ಇಲ್ಲಿದ್ದರು. ಜಯಚಾಮರಾಜೇಂದ್ರ ಒಡೆಯರ್ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಜನರ ಮರೆವಿಗೆ ಸರಿದಿದ್ದಾಗ, ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಇದೇ ಮಹಾರಾಜರು. ಆ ರಾಜಮನೆತನದ ಬೆಂಗಳೂರು ಅರಮನೆ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ಎಂದು ಭಾವಗೀತೆಗಳಿಗೆ ಜನಸಾಗರ ಸೇರಿಸಿದರು. 2007ರ ಮಾರ್ಚ್ 17ರಂದು ಅದೇ ಮೈದಾನಕ್ಕೆ ಐರನ್ ಮೇಡನ್ ಬಂದಿತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಈ ಎರಡೂ ಸ್ಯಾಬತ್ ಅಗೆದ ಬಾವಿಯ ನೀರು ಕುಡಿದ ಬ್ಯಾಂಡುಗಳು. ಅಶ್ವತ್ಥ್ ಅವರ ಹಾಡುಗಾರಿಕೆಯ ಬಗ್ಗೆಯೂ ನಮ್ಮ ಮನೆಯಲ್ಲಿ ಎರಡು ಪಕ್ಷವಿತ್ತು. ಅಬ್ಬರದಲ್ಲಿ ಕವಿತೆ ಮುಳುಗಿತು ಎಂದು ನನ್ನ ಸೋದರಮಾವ, ಶರೀಫರ ಪದಕ್ಕೆ ಆ ಕಂಠವೇ ಬೇಕು ಎಂದು ಅಮ್ಮ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೊ' ಪದವನ್ನು ಗಿಟಾರಿನ ಮೇಲೆ ಹಾಡಿದಾಗ ಪಕ್ಷಗಳು ಅದಲುಬದಲಾದವು. ಶರೀಫರನ್ನು ಹೀಗೆ ಹಾಡಬಹುದೆ ಎಂದು ಅಮ್ಮ ಸಿಟ್ಟಾದಳು.

ಇಂಥ ಮಾತು ಬಿಸಿಯಾದಾಗ ಯಾರಾದರೊಬ್ಬರು 'ಲೋಕೋ ಭಿನ್ನರುಚಿಃ' ಎಂದು ನೀರು ಸುರಿಯುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಚರ್ಚೆ ನಿಲ್ಲಿಸಲು ಅದನ್ನು ಬಳಸುವುದು ನನಗೆ ಸಹಿಸದು. ಕಾವ್ಯಮೀಮಾಂಸಕ ಅಭಿನವಗುಪ್ತ ಸಹೃದಯನನ್ನು ವಿವರಿಸುವಾಗ ಅಭ್ಯಾಸದಿಂದ ತಿಳಿಯಾದ ಮನಸ್ಸೆಂಬ ಕನ್ನಡಿಯ ಮಾತನಾಡುತ್ತಾನೆ. ಕನ್ನಡಿಯನ್ನು ಉಜ್ಜಬೇಕು. ಮೆಟಲ್ ಕೇಳದವರು ಉಜ್ಜಬೇಕು, ಮೆಟಲ್ ಬಿಟ್ಟು ಬೇರೇನೂ ಕೇಳದವರೂ ಉಜ್ಜಬೇಕು. ಇಷ್ಟವಾಯಿತು, ಇಷ್ಟವಾಗಲಿಲ್ಲ ಎನ್ನುವುದರ ಆಚೆಗೆ, ಯಾಕೆ ಎಂದು ಸ್ವರ ಹಿಡಿದು ಹೇಳಬಲ್ಲವರ ಜೊತೆ ಜಗಳವಾಡಿದರೆ ನನಗೆ ಲಾಭವೇ.

ಹಾಗಾಗಿ ಈ ಆಲ್ಬಂ ಬಗ್ಗೆ ನನ್ನ ಮಾತನ್ನೂ ಹೇಳಿಬಿಡುತ್ತೇನೆ. ಮೊದಲ ಹಾಡು ಮಹತ್ತಾದದ್ದು. ಅದರಲ್ಲಿ ಆಜಿ ಅವರ ಕಂಠಕ್ಕೆ ಯಾವ ಬೆಡಗೂ ಇಲ್ಲ. ಎದುರಿಗೆ ಕಪ್ಪು ಆಕೃತಿಯೊಂದನ್ನು ಕಂಡವನು ಹೇಗೆ ಕೂಗಿಕೊಳ್ಳಬೇಕೋ ಹಾಗೆ ಕೂಗುತ್ತಾರೆ. ಬಿಲ್ ವಾರ್ಡ್ ಅವರ ಡ್ರಮ್ಸ್‌ನಲ್ಲಿ ಜಾಜ್ ಕೇಳಿದ ಕೈಯ ಓಲಾಟವಿದೆ. ಮುಂದೆ ಬಂದ ಎಷ್ಟೋ ಮೆಟಲ್ ತಂಡಗಳು ಇದನ್ನು ಕಲಿಯಲೇ ಇಲ್ಲ. ಆದರೆ ಬೇರೆ ತಂಡದಿಂದ ಎರವಲು ಪಡೆದ 'ಈವಿಲ್ ವುಮನ್' ಈ ಆಲ್ಬಂಗೆ ಸೇರಿದ್ದಲ್ಲ. ಎರವಲಿನ ಇನ್ನೊಂದು ಹಾಡು, ಕೊನೆಯ 'ವಾರ್ನಿಂಗ್', ಹತ್ತು ನಿಮಿಷ ಮೀರಿ ಎಳೆಯುತ್ತದೆ. ಅದರ ಗಿಟಾರ್ ಭಾಗ ಕೇಳುವಾಗ, ಕ್ರೀಮ್‌ಗಿಂತ ಕೆಟ್ಟದು ಎಂದ ಬ್ಯಾಂಗ್ಸ್ ಅವರ ದೂರು ಇಂದಿಗೂ ನಿಲ್ಲುತ್ತದೆ.

ಅಂದು ಕಾಂಪೌಂಡಿನ ಬಳಿ ಕೇಳಿದ ಪ್ರಶ್ನೆಯನ್ನು ಮೇಷ್ಟ್ರು ಅಲ್ಲಿಗೇ ಬಿಟ್ಟಿರಲಿಲ್ಲ. ಒಂದು ಭಾನುವಾರ ಕ್ಯಾಸೆಟ್ ತರಿಸಿಕೊಂಡು ಎರಡೂ ಬದಿ ಕೇಳಿದರು. ಕೊನೆಯ ಹಾಡು ಬರುವಷ್ಟರಲ್ಲಿ ಕಾಫಿ ತರಲು ಎದ್ದರು. ಮರಳಿ ಬಂದು ಮೊದಲ ಹಾಡನ್ನೇ ಇನ್ನೊಮ್ಮೆ ಹಾಕಿಸಿ, ವೀಣೆ ತೊಡೆಗೇರಿಸಿಕೊಂಡು, ಆ ಮೂರು ಸ್ವರಗಳನ್ನು ಅದೇ ನಿಧಾನದಲ್ಲಿ ನುಡಿಸಿದರು. ಮೂರನೆಯದರಲ್ಲಿ ತಂತಿ ಎಳೆದು ಬಹಳ ಹೊತ್ತು ಹಾಗೇ ಹಿಡಿದಿದ್ದರು. ಅಭ್ಯಾಸಬಲದಿಂದ ಬೆರಳು ಪಂಚಮಕ್ಕೆ ಜಾರಿತು. ತಲೆ ಕೊಡವಿ ಮತ್ತೆ ಮೊದಲಿನಿಂದ ಶುರುಮಾಡಿದರು.