ಸ್ಕೋಪ್ ‘ಲೆವೆಲ್’ ಅಂದರೆ ಯಾವುದು?

ಹೋದ ವಾರ ಶೂಟಿಂಗ್ ರೇಂಜ್‌ನಲ್ಲಿ ಮತ್ತೆ ಅದೇ ಮಾತು ಕಿವಿಗೆ ಬಿತ್ತು. ಬಂದೂಕಿನ ಮೇಲೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿಕೊಂಡಿದ್ದ ಪಕ್ಕದ ಹುಡುಗನ ಗುಂಡು ಎರಡು ಇಂಚು ಎಡಕ್ಕೆ ಬೀಳುತ್ತಿತ್ತು. “ಸ್ಕೋಪ್ ಲೆವೆಲ್ ತಪ್ಪಿದೆ, ಬಿಚ್ಚಿ ಕೂರಿಸು” ಎಂದರು ಹಿರಿಯರೊಬ್ಬರು. ಪಾಪ, ಅವನು ಬಿಚ್ಚಿಯೇಬಿಟ್ಟ. ತಪ್ಪಿದ್ದು ಲೆವೆಲ್ ಅಲ್ಲ, ಜೀರೋ. ಸ್ಕೋಪಿನ ಪಕ್ಕದ ಟರೆಟ್ಟನ್ನು, ಅಂದರೆ ಪೆಟ್ಟು ಬೀಳುವ ಜಾಗ ಸರಿಸುವ ತಿರುಪನ್ನು, ಒಂದಷ್ಟು ಕ್ಲಿಕ್ ತಿರುಗಿಸಿದ್ದರೆ ಮುಗಿಯುತ್ತಿತ್ತು.

ಜೀರೋ ಅಂದರೆ, ಗೊತ್ತು ಮಾಡಿಕೊಂಡ ದೂರದಲ್ಲಿ ಕ್ರಾಸ್‌ಹೇರ್ (ಸ್ಕೋಪಿನೊಳಗಿನ ಅಡ್ಡ ಗೆರೆ, ನಿಂತ ಗೆರೆ ಕೂಡುವ ಜಾಗ) ಎಲ್ಲಿದೆಯೋ ಗುಂಡೂ ಅಲ್ಲೇ ಬೀಳುವುದು. ಲೆವೆಲ್‌ಗೂ ಇದಕ್ಕೂ ಸಂಬಂಧವಿಲ್ಲ. ಸ್ಕೋಪಿನೊಳಗಿನ ನಿಂತ ಗೆರೆ ನೆಟ್ಟಗೆ ನಿಂತಿದೆಯಾ? ಲೆವೆಲ್ ಕೇಳುವುದು ಇಷ್ಟನ್ನೇ.

ಪದದ ಹುಟ್ಟು ನೋಡಿದರೆ ಗೊಂದಲಕ್ಕೆ ಜಾಗವೇ ಇಲ್ಲ. ಲ್ಯಾಟಿನ್‌ನಲ್ಲಿ ‘ಲಿಬ್ರಾ’ ಅಂದರೆ ತಕ್ಕಡಿ, ‘ಲಿಬೆಲ್ಲಾ’ ಅಂದರೆ ಪುಟ್ಟ ತಕ್ಕಡಿ. ಅದೇ ಸವೆದು ಇಂಗ್ಲಿಷಿನ ಲೆವೆಲ್ ಆಯಿತು. ತಕ್ಕಡಿಯ ದಂಡ ಸಮವಾಗಿ ನಿಲ್ಲುವುದು ಭೂಮಿಯ ಎಳೆತಕ್ಕೆ, ಎದುರಿಗೆ ಏನಿದೆ ಎಂದು ನೋಡಿ ಅಲ್ಲ. ನಮ್ಮ ‘ಮಟ್ಟ’ವೂ ಹಾಗೆಯೇ. ನೀರಿನ ಮಟ್ಟ, ಮಟ್ಟಸವಾದ ನೆಲ, ಗಾರೆಯವರ ರಸಮಟ್ಟ. ಆ ರಸಮಟ್ಟದೊಳಗಿನ ಗುಳ್ಳೆಗೆ ಗೋಡೆ ಯಾವ ದಿಕ್ಕಿಗಿದೆ ಎನ್ನುವುದು ಬೇಕಿಲ್ಲ. ಸ್ಕೋಪಿನ ಲೆವೆಲ್‌ಗೂ ಟಾರ್ಗೆಟ್ ಬೇಕಿಲ್ಲ. ‘ಗುರಿ ತಪ್ಪಿತು, ಲೆವೆಲ್ ಸರಿಯಿಲ್ಲ’ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಹಾಗಾದರೆ ಲೆವೆಲ್ ಯಾಕೆ ಬೇಕು? ಗುಂಡು ನೆಲದ ಕಡೆಗೇ ಬೀಳುತ್ತದೆ, ಅದಕ್ಕೆ. ಸದ್ದು ಕಡಿಮೆಯಿರುವ .22 (ಸುಮಾರು 0.22 ಇಂಚು ದಪ್ಪದ) ಗುಂಡು 100 ಮೀಟರ್ ಮುಟ್ಟುವಷ್ಟರಲ್ಲಿ ನಳಿಗೆಯ ನೇರದಿಂದ ಸುಮಾರು ಅರ್ಧ ಮೀಟರ್ ಇಳಿದಿರುತ್ತದೆ. ಅದನ್ನು ಸರಿದೂಗಿಸಲು ಮೇಲಿನ ಟರೆಟ್ ತಿರುಗಿಸಿದರೆ ಪೆಟ್ಟು ನೆಟ್ಟಗೆ ಮೇಲಕ್ಕೆ ಹೋಗಬೇಕು. ನಿಂತ ಗೆರೆ 3 ಡಿಗ್ರಿ ವಾಲಿದ್ದರೆ, ಪ್ರತಿ 1 ಮೀಟರ್ ಏರಿಕೆಗೆ 5 ಸೆಂಟಿಮೀಟರ್ ಪಕ್ಕಕ್ಕೂ ಸರಿಯುತ್ತದೆ. ಜೀರೋ ಮಾಡಿದ ದೂರದಲ್ಲಿ ಇದು ಕಾಣುವುದೇ ಇಲ್ಲ. ದೂರ ಬದಲಾದಾಗಲೇ ಬಯಲಾಗುವುದು. ನಾನೂ ಒಂದು ಮಳೆಗಾಲ ಪೂರ್ತಿ ಗಾಳಿಯನ್ನೇ ಬೈದಿದ್ದೇನೆ.

ಒಂದೇ ದೂರಕ್ಕೆ ಹೊಡೆಯುವವರಿಗೆ ಈ ತಾಪತ್ರಯ ಕಡಿಮೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. ಅಲ್ಲಿ ಎಷ್ಟೋ ಜನ ರೈಫಲನ್ನು ಬೇಕೆಂದೇ ಸ್ವಲ್ಪ ವಾಲಿಸಿ ಹಿಡಿಯುತ್ತಾರೆ. ಪ್ರತಿ ಸಲ ಅಷ್ಟೇ ವಾಲಿಸಿದರೆ ಸಾಕು.

ಇನ್ನೊಂದು ಮಾತು ಹೇಳಲೇಬೇಕು. ವಾಲಬಾರದ್ದು ಗೆರೆ, ಬಂದೂಕಲ್ಲ. ಸ್ಕೋಪ್ ನಳಿಗೆಗಿಂತ 5 ಸೆಂಟಿಮೀಟರ್ ಮೇಲಿದ್ದು, ಗೆರೆ ನೆಟ್ಟಗಿದ್ದು, ಬಂದೂಕು ಮಾತ್ರ 3 ಡಿಗ್ರಿ ವಾಲಿದರೆ ನಳಿಗೆ ಪಕ್ಕಕ್ಕೆ ಸರಿಯುವುದು ಮೂರು ಮಿಲಿಮೀಟರ್‌ಗಿಂತ ಕಡಿಮೆ. ಬಂದೂಕಿನ ಮೇಲೆ ರಸಮಟ್ಟ ಇಟ್ಟು ಗಂಟೆಗಟ್ಟಲೆ ಒದ್ದಾಡಿ, ಗೆರೆಯನ್ನು ಕಣ್ಣಂದಾಜಿಗೆ ಬಿಡುವುದು ತಲೆಕೆಳಗಾದ ಕೆಲಸ ಅಲ್ವಾ? ಟರೆಟ್ಟಿನ ಮುಚ್ಚಳದ ಮೇಲಿಟ್ಟ ಮಟ್ಟವನ್ನೂ ಪೂರ್ತಿ ನಂಬಬೇಡಿ. ಮುಚ್ಚಳಕ್ಕೂ ಒಳಗಿನ ಗೆರೆಗೂ ಹೊಂದಿಕೆ ಇದ್ದೇ ಇರುತ್ತದೆ ಎಂದು ಹೇಳಲಾಗದು.

ನಂಬಬೇಕಾದದ್ದು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡನ್ನು. ಬಂದೂಕು ಖಾಲಿಯಿದೆಯಾ ಎಂದು ಎರಡು ಸಲ ನೋಡಿ, ಅಲುಗಾಡದಂತೆ ಕೂರಿಸಿ. ಇಪ್ಪತ್ತು ಮೀಟರ್ ಆಚೆ, ಗಾಳಿ ಇಲ್ಲದ ಕಡೆ, ಬಿಳಿ ಗೋಡೆಯ ಮುಂದೆ ಕಪ್ಪು ದಾರಕ್ಕೆ ಆ ತೂಕದ ಗುಂಡು ಕಟ್ಟಿ ಇಳಿಬಿಡಿ. ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ರಿಂಗ್ ಸಡಿಲವಿರುವಾಗಲೇ ಸ್ಕೋಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ನಿಂತ ಗೆರೆ ದಾರವನ್ನು ಪೂರ್ತಿ ಮುಚ್ಚುವ ಹಾಗೆ ಮಾಡಿ. ಆಮೇಲೆ ಸ್ಕ್ರೂಗಳನ್ನು ಅಡ್ಡಡ್ಡಲಾಗಿ, ಒಂದೊಂದನ್ನೂ ಕಾಲು ಸುತ್ತು ಮಾತ್ರ ಬಿಗಿಯಿರಿ. ಒಂದೇ ಕಡೆ ಬಿಗಿದರೆ ಸ್ಕೋಪ್ ಆ ಕಡೆ ಹೊರಳುತ್ತದೆ, ಗೆರೆ ದಾರದಿಂದ ಜಾರುವುದು ಕಣ್ಣಿಗೇ ಕಾಣುತ್ತದೆ. ಕೊನೆಯ ಸ್ಕ್ರೂ ಆದಮೇಲೆ ಮತ್ತೊಮ್ಮೆ ದಾರ ನೋಡಿ. ಗೆರೆ ಅಲ್ಲೇ ಇದ್ದರೆ ಲೆವೆಲ್ ಆಯಿತು. ಇನ್ನೂ ಒಂದು ಗುಂಡೂ ಹಾರಿಲ್ಲ, ಜೀರೋ ಕೆಲಸ ಶುರುವಾಗುವುದೇ ಇಲ್ಲಿಂದ.