ಒಬ್ಬರೇ ಆಡಿ ಗಿಲ್ಡ್ ವಾರ್ಸ್ ಮುಗಿಸಬಹುದಾ?

ಪ್ರಶ್ನೆ: ಸರ್, ನನ್ನ ಗೆಳೆಯರು ಯಾರೂ ಈ ಆಟ ಆಡಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತೆ, ಅಷ್ಟೇ. ಇಂಟರ್ನೆಟ್ಟಿನಲ್ಲಿ ತಂಡ ಕಟ್ಟಿ ಆಡುವ ಗಿಲ್ಡ್ ವಾರ್ಸ್ ಮೊದಲನೇ ಆಟವನ್ನು ಕಂಪ್ಯೂಟರ್ ಸಂಗಾತಿಗಳನ್ನೇ ಕಟ್ಟಿಕೊಂಡು ಒಬ್ಬನೇ ಮುಗಿಸಬಹುದಾ? ಆ ಸಂಗಾತಿಗಳು, ಅಂದರೆ ಹೀರೋಗಳು, ಪೆದ್ದು, ಅದಕ್ಕೇ ಗಾಯ ವಾಸಿ ಮಾಡುವ ಹೀಲರ್‌ಗಳನ್ನು ಜಾಸ್ತಿ ಇಟ್ಟುಕೊಳ್ಳಬೇಕು ಅಂತಾರೆ. ನಿಜಾನಾ?

ಉತ್ತರ: ಮುಗಿಸಬಹುದು. ಧಾರಾಳವಾಗಿ ಮುಗಿಸಬಹುದು. ಇದೇ ಮಾತನ್ನು ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ಮೂರೂ ಕ್ಯಾಂಪೇನ್ (ಬೇರೆ ಬೇರೆ ಕಥೆಯ ಭಾಗಗಳು), ಆಮೇಲೆ ಬಂದ ಐ ಆಫ್ ದಿ ನಾರ್ತ್ ಅನ್ನೋ ವಿಸ್ತರಣೆ, ಅದರ ಮೇಲೆ ವೈರಿಗಳು ಇನ್ನೂ ಬಲವಾಗುವ ಹಾರ್ಡ್ ಮೋಡ್. ಇಷ್ಟನ್ನೂ ನಾನು ಇನ್ನೊಬ್ಬ ಮನುಷ್ಯನನ್ನು ಕರೆಯದೆ ಮುಗಿಸಿದ್ದೇನೆ. ನನ್ನ ಕೈ ಏನೂ ಚುರುಕಲ್ಲ. ಎರಡನೇ ಪ್ರಶ್ನೆ ಇದೆಯಲ್ಲ, 'ಹೀಲರ್ ಜಾಸ್ತಿ' ಅನ್ನೋದು, ಅದರ ಬಗ್ಗೆ ಮಾತ್ರ ಸ್ವಲ್ಪ ಕೂತು ಮಾತಾಡಬೇಕು.

ಅದಕ್ಕೂ ಮುಂಚೆ ಒಂದು ಗೊಂದಲ ಬಿಡಿಸಿಬಿಡೋಣ. ಈ ಆಟದಲ್ಲಿ ಕಂಪ್ಯೂಟರ್ ನಡೆಸುವ ಸಂಗಾತಿಗಳು ಎರಡು ಬಗೆ. 2005ರಲ್ಲಿ ಮೊದಲ ಭಾಗ ಪ್ರೊಫೆಸೀಸ್ ಬಂದಾಗ ಇದ್ದವರು ಹೆಂಚ್‌ಮನ್‌ಗಳು. ಔಟ್‌ಪೋಸ್ಟ್ ಅನ್ನೋ ತಂಗುದಾಣಗಳಲ್ಲಿ ನಿಂತಿರುತ್ತಾರೆ, ಕರೆದರೆ ಬರುತ್ತಾರೆ. ಅವರ ಸ್ಕಿಲ್ ಬದಲಿಸುವ ಹಾಗಿಲ್ಲ, ಆಯುಧ ಬದಲಿಸುವ ಹಾಗಿಲ್ಲ. ಛತ್ರದ ಊಟದ ಥರ, ಬಡಿಸಿದ್ದನ್ನು ತಿನ್ನಬೇಕು. 2006ರ ಕೊನೆಗೆ ನೈಟ್‌ಫಾಲ್ ಜೊತೆ ಹೀರೋಗಳು ಬಂದರು. ಅವರ 8 ಸ್ಕಿಲ್, ಆಯುಧ, ಕವಚಕ್ಕೆ ಹಾಕುವ ರೂನ್, ಎಲ್ಲ ನಿಮ್ಮ ಕೈಯಲ್ಲಿ. ಆಗ ತಂಡಕ್ಕೆ 3 ಹೀರೋ ಮಾತ್ರ, ಉಳಿದ ಜಾಗಕ್ಕೆ ಹೆಂಚ್‌ಮನ್‌ಗಳೇ ಗತಿ. 2011ರ ಮಾರ್ಚಿನಲ್ಲಿ ಅದನ್ನು 7ಕ್ಕೆ ಏರಿಸಿದರು. ನೀವೊಬ್ಬರು, ಅವರು 7 ಜನ. ತಂಡ ಭರ್ತಿ. ಬಹುತೇಕ ಹೀರೋಗಳು ಸಿಗುವುದು ನೈಟ್‌ಫಾಲ್ ಮತ್ತು ಐ ಆಫ್ ದಿ ನಾರ್ತ್ ಭಾಗಗಳಲ್ಲಿ. ಪ್ರೊಫೆಸೀಸ್ ಶುರು ಮಾಡಿ ಊರೆಲ್ಲ ಅಲೆದು 'ಹೀರೋ ಎಲ್ಲಿ ಸರ್' ಅಂತ ದಯವಿಟ್ಟು ಕೇಳಬೇಡಿ.

ಈಗ ಆ ಸಾಯದ ಮಾತಿಗೆ ಬರೋಣ. ಹೀರೋಗಳು ಪೆದ್ದು, ನಮ್ಮನ್ನು ಸಾಯಿಸುತ್ತಾರೆ, ಆದ್ದರಿಂದ ಮೂವರು ಮಾಂಕ್ (ಹೀಲ್ ಮಾಡುವ ಪಾತ್ರ) ಇಟ್ಟುಕೋ, ಆಗದಿದ್ದರೆ ನಾಲ್ವರನ್ನು ಇಟ್ಟುಕೋ. ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಹೊಸಬರೆಲ್ಲ ಇದನ್ನೇ ಹಿಡಿದುಕೊಂಡು ಬರುತ್ತಾರೆ.

ನಾನೂ ಹಾಗೇ ಬಂದವನು. ಪ್ರೊಫೆಸೀಸ್‌ನಲ್ಲಿ ಥಂಡರ್‌ಹೆಡ್ ಕೀಪ್ ಅಂತ ಒಂದು ಮಿಷನ್ ಇದೆ. ಕುಳ್ಳರ ರಾಜ ಜಾಲಿಸ್ ಐರನ್‌ಹ್ಯಾಮರ್ ಸತ್ತರೆ ಅಲ್ಲಿಗೆ ಮುಗಿಯಿತು, ಮೊದಲಿಂದ ಆಡಬೇಕು. ಆ ಪುಣ್ಯಾತ್ಮನಿಗೆ ತಾಳ್ಮೆಯೇ ಇಲ್ಲ, ವೈರಿ ಕಂಡರೆ ಮುಂದೆ ನುಗ್ಗುತ್ತಾನೆ. ಡಂಕೊರೊ, ತಲ್ಕೋರಾ, ಆಗ್ಡೆನ್, ಮೂವರು ಮಾಂಕ್ ಹೀರೋಗಳನ್ನೂ ಕರೆದುಕೊಂಡು ಹೋದೆ. ನಾಲ್ಕು ಸಲ ಸೋತೆ. ನಾಲ್ಕನೇ ಸಲ ಸಿಟ್ಟಿಗೆ ಹೀರೋಗಳನ್ನು ಬೈದು ಕಂಪ್ಯೂಟರ್ ಆಫ್ ಮಾಡಿ ಮಲಗಿದೆ. ಮರುದಿನ ತಂಡದ ಪಟ್ಟಿ ನೋಡಿದರೆ ನಗು ಬಂತು. ಅರ್ಧ ತಂಡ ಗಾಯಕ್ಕೆ ಪಟ್ಟಿ ಕಟ್ಟೋಕೆ ನಿಂತಿದೆ, ಹೊಡೆಯೋಕೆ ಯಾರೂ ಇಲ್ಲ! ಹನ್ನೊಂದು ಜನರ ಕ್ರಿಕೆಟ್ ತಂಡದಲ್ಲಿ ಐದು ವಿಕೆಟ್ ಕೀಪರ್ ಇಟ್ಟುಕೊಂಡು 'ವಿಕೆಟ್ಟೇ ಬೀಳ್ತಿಲ್ಲ' ಅಂತ ಬೌಲರ್‌ನ ಬೈದ ಹಾಗಾಯಿತು.

ಲೆಕ್ಕ ಹಾಕಿ ನೋಡಿ. ಜಗಳ ಅರ್ಧ ನಿಮಿಷದಲ್ಲಿ ಮುಗಿದರೆ ವೈರಿಗಳಿಗೆ ಏಟು ಕೊಡೋಕೆ ಸಿಗುವುದು ಅರ್ಧ ನಿಮಿಷ. ನಿಮ್ಮ ಕಡೆ ಹೊಡೆಯುವವರು ಕಡಿಮೆ ಇದ್ದು ಅದೇ ಜಗಳ ಎರಡು ನಿಮಿಷ ಎಳೆದರೆ, ತಿನ್ನುವ ಏಟು ನಾಲ್ಕು ಪಟ್ಟು. ಮೂವರು ಮಾಂಕ್‌ಗಳೂ ಎನರ್ಜಿ (ಸ್ಕಿಲ್ ಬಳಸೋಕೆ ಬೇಕಾದ ಶಕ್ತಿ) ಖಾಲಿ ಮಾಡಿಕೊಂಡು ಕೈಕಟ್ಟಿ ನಿಲ್ಲುತ್ತಾರೆ. ಜೊತೆಗೆ ಮೂವರೂ ಒಬ್ಬನ ಮೇಲೇ ಹೀಲ್ ಸುರಿದು ವೇಸ್ಟ್ ಮಾಡುವುದೂ ಉಂಟು. ಒಂದು ಸಲ ಸತ್ತರೆ ಶೇ 15ರಷ್ಟು ಡೆತ್ ಪೆನಾಲ್ಟಿ, ಅಂದರೆ ಜೀವ ಮತ್ತು ಎನರ್ಜಿಯ ಮಿತಿ ಅಷ್ಟು ಕುಗ್ಗುತ್ತೆ. ಊರಿಗೆ ವಾಪಸ್ ಹೋಗದೆ ಸಾಯ್ತಾ ಹೋದರೆ ಶೇ 60ರವರೆಗೂ ಏರುತ್ತೆ. ಆ ಹೊತ್ತಿಗೆ ಎಷ್ಟು ಹೀಲರ್ ಇದ್ದರೂ ಅಷ್ಟೇ.

ಇನ್ನೊಂದು ವಿಷಯ ಕೇಳಿದರೆ ಮೂವರು ಮಾಂಕ್ ಪಕ್ಷದವರಿಗೆ ಬೇಜಾರಾಗುತ್ತೆ. ಹೀರೋ ತಂಡಗಳಲ್ಲಿ ಒಳ್ಳೆಯ ಹೀಲರ್ ಎಷ್ಟೋ ಸಲ ಮಾಂಕ್ ಅಲ್ಲವೇ ಅಲ್ಲ. ನೆಕ್ರೊಮ್ಯಾನ್ಸರ್, ಸಾವಿನ ಮಂತ್ರವಾದಿ! ಅವನಿಗೆ ಆತ್ಮಗಳನ್ನು ಕರೆಯುವ ರಿಚುವಲಿಸ್ಟ್ ಅನ್ನೋ ಪಾತ್ರದ ರೆಸ್ಟೊರೇಶನ್ (ಗಾಯ ವಾಸಿ ಮಾಡುವ) ಸ್ಕಿಲ್‌ಗಳನ್ನು ಕೊಡುತ್ತೇವೆ. ಯಾಕೆ? ನೆಕ್ರೊಮ್ಯಾನ್ಸರ್‌ಗೆ ಸೋಲ್ ರೀಪಿಂಗ್ ಅಂತ ಒಂದು ಗುಣ ಇದೆ, ಹತ್ತಿರದಲ್ಲಿ ಏನೇ ಸತ್ತರೂ ಅವನಿಗೆ ಎನರ್ಜಿ ಬರುತ್ತೆ. ತಂಡ ಬೇಗ ಬೇಗ ಕೊಂದರೆ ಹೀಲರ್‌ನ ಕೊಡ ತುಂಬುತ್ತಲೇ ಇರುತ್ತೆ. ಕೊಲ್ಲದಿದ್ದರೆ ಅವನೂ ಖಾಲಿ. ಹೀಲಿಂಗ್ ಬೇಕಾದರೂ ಮೊದಲು ಹೊಡೆಯುವವರು ಬೇಕು. ಇದು ತಲೆಗೆ ಹೋಗೋಕೆ ನನಗೆ ಒಂದು ವರ್ಷ ಹಿಡಿಯಿತು. ನಿಮಗೆ ಒಂದು ಪ್ಯಾರಾದಲ್ಲಿ ಹೇಳಿದ್ದೇನೆ, ಸ್ವಲ್ಪ ಹೆಮ್ಮೆಪಡೋಕೆ ಬಿಡಿ.

ಹೀರೋಗಳು ಪೆದ್ದು ಅನ್ನುವವರು ಒಂದು ಸಲ ಮೆಸ್ಮರ್ (ವೈರಿಯ ಮಂತ್ರ ಕೆಡಿಸುವ ಪಾತ್ರ) ಹೀರೋ ಇಂಟರಪ್ಟ್ ಮಾಡೋದನ್ನು, ಅಂದರೆ ಮಂತ್ರವನ್ನು ಅರ್ಧಕ್ಕೇ ತಡೆಯೋದನ್ನು ನೋಡಬೇಕು. ವೈರಿ ಒಂದು ಸೆಕೆಂಡಿನ ಮಂತ್ರ ಶುರು ಮಾಡಿದ ಅಂತಿಟ್ಟುಕೊಳ್ಳಿ. ಅದನ್ನು ನೀವು ನೋಡಿ, ಬೆರಳು ಒತ್ತೋಕೆ ಕಾಲು ಸೆಕೆಂಡ್ ಬೇಕು. ಬೆಂಗಳೂರಿನ ನನ್ನ ಮನೆಯಿಂದ ಸರ್ವರ್‌ಗೆ ಹೋಗಿ ಬರೋಕೆ ಇನ್ನೊಂದು ಕಾಲು ಸೆಕೆಂಡ್. ಮಂತ್ರ ತಡೆಯುವ ಪವರ್ ಡ್ರೈನ್ ಸ್ಕಿಲ್ ನಡೆಯೋಕೆ ಮತ್ತೊಂದು ಕಾಲು. ಅಲ್ಲಿಗೆ ಮುಕ್ಕಾಲು ಸೆಕೆಂಡ್ ಹೋಯಿತು. ಕಾಫಿ ಲೋಟ ಕೆಳಗಿಡೋಕೂ ಟೈಮ್ ಉಳಿಯಲಿಲ್ಲ. ಹೀರೋ ಇರುವುದು ಸರ್ವರ್‌ನಲ್ಲೇ. ಅವನಿಗೆ ಪಿಂಗ್ ಇಲ್ಲ, ನಿದ್ದೆ ಇಲ್ಲ, ಫೋನ್ ರಿಂಗಾಗಲ್ಲ. ನಮ್ಮ ದೇಶದಿಂದ ಆಡುವವರಿಗೆ ಆ ಕೆಲಸದಲ್ಲಿ ಮನುಷ್ಯನಿಗಿಂತ ಹೀರೋನೇ ವಾಸಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಎನರ್ಜಿ ಸರ್ಜ್ ಸ್ಕಿಲ್ ಹಾಕಿಕೊಂಡ ಮೆಸ್ಮರ್, ಪ್ಯಾನಿಕ್ ಸ್ಕಿಲ್ ಹಾಕಿಕೊಂಡ ಮೆಸ್ಮರ್, ಜೊತೆಗೆ ಸಿಗ್ನೆಟ್ ಆಫ್ ಸ್ಪಿರಿಟ್ಸ್‌ನಲ್ಲಿ ಒಂದೇ ಸಲಕ್ಕೆ ಮೂರು ಸ್ಪಿರಿಟ್ ಎಬ್ಬಿಸುವ ರಿಚುವಲಿಸ್ಟ್. ಇಷ್ಟಿದ್ದರೆ ನಿಮ್ಮ ಪಾತ್ರ ಯಾವುದಾದರೂ ಇರಲಿ, ನಡೆಯುತ್ತೆ.

ಹಾಗಂತ ಅವರಿಗೆ ಎಲ್ಲವೂ ಬರುತ್ತೆ ಅಂತಲ್ಲ. ಮುಂದೇನಾಗುತ್ತೆ ಅನ್ನೋ ಯೋಚನೆ ಹೀರೋಗೆ ಇಲ್ಲ. ಈ ಕ್ಷಣ ಕಂಡದ್ದಕ್ಕೆ ಈ ಕ್ಷಣ ಉತ್ತರ, ಅಷ್ಟೇ. ಎರಡನೇ ಗುಂಪು ಆ ಕಡೆಯಿಂದ ಬರುತ್ತಿದೆ, ಸ್ವಲ್ಪ ಕಾಯೋಣ ಅಂತ ಅವನು ಅಂದುಕೊಳ್ಳಲ್ಲ. ಅದು ನಿಮ್ಮ ಕೆಲಸ. ಮೂಲೆಯ ರೇಡಾರ್‌ನಲ್ಲಿ ನಿಮ್ಮ ಸುತ್ತ ಒಂದು ವೃತ್ತ ಕಾಣುತ್ತಲ್ಲ, ವೈರಿಯ ಚುಕ್ಕೆ ಅದರೊಳಗೆ ಬಂದರೆ ಮೈಮೇಲೆ ಬರುತ್ತಾನೆ ಅಂತ ಅರ್ಥ. ಹೀರೋಗಳಿಗೆ ಹಿಂದೆ ಒಂದು ಕಡೆ ಬಾವುಟ ನೆಟ್ಟು ನಿಲ್ಲಿಸಿ, ನೀವೊಬ್ಬರೇ ಮುಂದೆ ಹೋಗಿ, ಬಿಲ್ಲಿನಿಂದ ಒಂದು ಬಾಣ ಬಿಟ್ಟು, ಒಂದೇ ಗುಂಪನ್ನು ಎಳೆದುಕೊಂಡು ವಾಪಸ್ ಓಡಿ ಬನ್ನಿ. ನಿಮ್ಮದು ಯಾವ ಪ್ರೊಫೆಶನ್ ಆದರೂ ಚೀಲದಲ್ಲಿ ಒಂದು ಲಾಂಗ್‌ಬೋ ಇರಲಿ. ಹೀರೋ ಯಾವುದೋ ಸ್ಕಿಲ್ಲನ್ನು ಹೊತ್ತಲ್ಲದ ಹೊತ್ತಿನಲ್ಲಿ ಬಳಸುತ್ತಿದ್ದರೆ ಶಿಫ್ಟ್ ಒತ್ತಿ ಆ ಸ್ಕಿಲ್ ಮೇಲೆ ಕ್ಲಿಕ್ ಮಾಡಿ, ಅದು ಬಂದ್ ಆಗುತ್ತೆ. ಬೇಕಾದಾಗ ನೀವೇ ಒತ್ತಿ ಮಾಡಿಸಬಹುದು. ಫೈರ್ ಸ್ಟಾರ್ಮ್ ಥರದ್ದನ್ನು ಕೊಡೋದು ಬೇಡ. ಬೆಂಕಿ ಬಿದ್ದ ಜಾಗದಿಂದ ವೈರಿಗಳು ಓಡಿಹೋಗುತ್ತಾರೆ, ಬರೀ ನೆಲ ಸುಟ್ಟ ಹಾಗೆ.

ಹೊಸಬರ ಹೀರೋಗಳು ನಿಜಕ್ಕೂ ಪೆದ್ದಾಗಿ ಕಾಣೋಕೆ ಒಂದು ಸಾಚಾ ಕಾರಣ ಇದೆ. ಅದನ್ನು ಮಾತ್ರ ಯಾರೂ ಹೇಳಲ್ಲ. ನಿಮ್ಮ ಅಕೌಂಟಿನಲ್ಲಿ ಅನ್‌ಲಾಕ್ ಆಗಿರುವ ಸ್ಕಿಲ್‌ಗಳನ್ನಷ್ಟೇ ಹೀರೋಗಳಿಗೆ ಹಾಕಬಹುದು. ನೀವು ವಾರಿಯರ್ ಆಡಿಕೊಂಡು ವಾರಿಯರ್ ಸ್ಕಿಲ್ಲನ್ನೇ ಕೊಳ್ಳುತ್ತಾ ಹೋದರೆ ಮೆಸ್ಮರ್ ಹೀರೋ ಹಸಿದುಕೊಂಡೇ ಇರುತ್ತಾನೆ. ಎಲೀಟ್, ಅಂದರೆ ಹೆಚ್ಚು ಬಲದ, ಸ್ಕಿಲ್ ಬೇಕಾದರೆ ಸಿಗ್ನೆಟ್ ಆಫ್ ಕ್ಯಾಪ್ಚರ್ ಅನ್ನೋ ಸ್ಕಿಲ್ ಇಟ್ಟುಕೊಂಡು ಅದನ್ನು ಬಳಸುವ ಬಾಸ್‌ನ ಕೊಂದು ಹಿಡಿಯಬೇಕು. ಮೊದಲ ಒಂದೆರಡು ವಾರ ಇದಕ್ಕೇ ಖರ್ಚಾದರೂ ಪರವಾಗಿಲ್ಲ. ಮತ್ತೆ, ಹೀರೋ ಕೈಗೆ ಒಳ್ಳೆ ಆಯುಧ, ಮೈಗೆ ರೂನ್ ಹಾಕಿ ಮಾರಾಯ್ರೆ. ಬರಿಗೈಲಿ ಕಳಿಸಿ ಆಮೇಲೆ ಬೈತೀರಿ.

'ಹೀರೋಗಳು ನನ್ನ ಪಾಲಿನ ಡ್ರಾಪ್ (ಸತ್ತ ವೈರಿ ಬಿಟ್ಟುಹೋಗುವ ಸಾಮಾನು) ತಿನ್ನುತ್ತಾರಾ?' ಅಂತಲೂ ಕೆಲವರು ಕೇಳುತ್ತಾರೆ. ತಿನ್ನುತ್ತಾರೆ. 8 ಜನರ ತಂಡದಲ್ಲಿ ನಿಮ್ಮ ಪಾಲು ಸುಮಾರು ಎಂಟರಲ್ಲಿ ಒಂದು. ಅವರ ಪಾಲಿನದು ನಿಮ್ಮ ಕಣ್ಣಿಗೇ ಬೀಳಲ್ಲ. ಆದರೆ ಏಳು ಜನ ಮನುಷ್ಯರು ಬಂದಿದ್ದರೂ ಅಷ್ಟೇ ಸಿಗುತ್ತಿತ್ತು, ಅಲ್ವಾ?

ಯಾರೂ ನೇರವಾಗಿ ಕೇಳದ, ಆದರೆ ನನ್ನ ಹೆಂಡತಿ ಆಗಾಗ ಕೇಳುವ ಒಂದು ಪ್ರಶ್ನೆ ಇದೆ. ಒಬ್ಬರೇ ಆಡೋದಾದರೆ ಇಂಟರ್ನೆಟ್ ಯಾಕೆ ಬೇಕು? ಕರೆಂಟ್ ಹೋಗಿ ರೌಟರ್ ಸತ್ತಾಗ ನನ್ನ ಮುಖ ನೋಡಿ ಕೇಳುತ್ತಾಳೆ. ಹೀರೋಗಳ ಬುದ್ಧಿ, ವೈರಿಗಳ ಬುದ್ಧಿ, ನಿಮ್ಮ ಚೀಲದಲ್ಲಿರುವ ಪ್ರತಿ ಸಾಮಾನು, ಎಲ್ಲ ಇರುವುದು ಸರ್ವರ್‌ನಲ್ಲಿ. ನಿಮ್ಮ ಕಂಪ್ಯೂಟರ್ ಬರೀ ಕಿಟಕಿ. ಊರುಗಳಲ್ಲಿ ಎಲ್ಲರೂ ಒಟ್ಟಿಗೆ ಕಾಣುತ್ತಾರೆ, ವ್ಯಾಪಾರ ಮಾಡುತ್ತಾರೆ, ಕುಣಿಯುತ್ತಾರೆ. ಊರಿನ ಬಾಗಿಲು ದಾಟಿದ ಕೂಡಲೇ ನಿಮ್ಮ ತಂಡಕ್ಕೆ ಅಂತಲೇ ಬೇರೆ ಒಂದು ಕಾಡು ತೆರೆದುಕೊಳ್ಳುತ್ತೆ. ಅಲ್ಲಿಗೆ ಬೇರೆ ಯಾರೂ ಬರುವ ಹಾಗಿಲ್ಲ. ಒಬ್ಬರೇ ಆಡೋದು ಈ ಆಟದಲ್ಲಿ ಅಷ್ಟು ಸಲೀಸಾಗಿ ಒಗ್ಗಿದ್ದು ಇದರಿಂದಲೇ. ತಿಂಗಳ ಚಂದಾ ಇಲ್ಲ ಅನ್ನೋದೂ ನಿಮ್ಮಂಥ ಒಂದು ಗಂಟೆಯವರಿಗೆ ಅನುಕೂಲ. ನಾಲ್ಕು ದಿನ ಆಡದಿದ್ದರೆ ದುಡ್ಡು ದಂಡ ಆಯಿತು ಅಂತ ಹೊಟ್ಟೆ ಉರಿಯಲ್ಲ. ಬೇರೆ ಆಟಗಳು ಈ ದಾರಿಗೆ ನಿಧಾನವಾಗಿ ಬಂದವು. ಫೈನಲ್ ಫ್ಯಾಂಟಸಿ 14ರಲ್ಲಿ ಟ್ರಸ್ಟ್ ಅಂತ ಕಂಪ್ಯೂಟರ್ ಸಂಗಾತಿಗಳು ಬಂದಿದ್ದು 2019ರಲ್ಲಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತನ್ನ ಡಂಜನ್‌ಗಳಿಗೆ ಕಂಪ್ಯೂಟರ್ ಸಂಗಾತಿಗಳನ್ನು ಕಳಿಸಿದ್ದು 2024ರಲ್ಲಿ.

ಮೆಸ್ಮರ್ ಹೀರೋ ಬೇಕು ಅಂದೆನಲ್ಲ, ಯಾರನ್ನು ಇಟ್ಟುಕೊಳ್ಳಲಿ ಅಂದರೆ ನನ್ನ ವೋಟು ಗ್ವೆನ್‌ಗೆ. ಲೆಕ್ಕದಲ್ಲಿ ನೈಟ್‌ಫಾಲ್‌ನ ನಾರ್ಗೂಗೂ ಅವಳಿಗೂ ವ್ಯತ್ಯಾಸ ಇಲ್ಲ, ಇದು ಬರೀ ನನ್ನ ಮೋಹ. ಪ್ರೊಫೆಸೀಸ್ ಶುರುವಿನಲ್ಲಿ, ಅಸ್ಕಲಾನ್ ನಾಡು ಇನ್ನೂ ಹಸಿರಾಗಿದ್ದಾಗ, ಊರ ಹೊರಗೆ ಒಂದು ಪುಟ್ಟ ಹುಡುಗಿ ನಿಮ್ಮ ಹಿಂದೆ ಹಿಂದೆ ಬರುತ್ತಾಳೆ. ಕೆಂಪು ಹೂವು ಕೊಟ್ಟರೆ ಖುಷಿಪಡುತ್ತಾಳೆ. ಕೊಳಲು ಕಳೆದುಕೊಂಡಿದ್ದಾಳೆ, ಹೊಸದು ತಂದುಕೊಡಬಹುದು. ಆಮೇಲೆ ಚಾರ್‌ಗಳು (ಮೃಗದಂಥ ಮೈಯ ಶತ್ರು ಜನಾಂಗ) ಬೆಂಕಿ ಸುರಿಸಿ ನಾಡನ್ನೇ ಸುಡುತ್ತವೆ, ಹುಡುಗಿ ಕಾಣೆ. 2007ರ ಐ ಆಫ್ ದಿ ನಾರ್ತ್‌ನಲ್ಲಿ ದೊಡ್ಡವಳಾಗಿ, ಚಾರ್‌ಗಳ ಸೆರೆಯಿಂದ ತಪ್ಪಿಸಿಕೊಂಡು ಬಂದವಳಾಗಿ ಮತ್ತೆ ಸಿಗುತ್ತಾಳೆ. ಮೈತುಂಬ ಸಿಟ್ಟು. ಅದೇ ಭಾಗದಲ್ಲಿ ಪೈರ್ ಫಿಯರ್ಸ್‌ಶಾಟ್ ಅನ್ನೋ ಚಾರ್ ಹೀರೋ ಕೂಡ ಸಿಗುತ್ತಾನೆ. ಇಬ್ಬರನ್ನೂ ಒಂದೇ ತಂಡಕ್ಕೆ ಹಾಕಿಕೊಳ್ಳಬಹುದು, ನಾನು ಹಾಕಿಕೊಂಡಿದ್ದೇನೆ. ಜಗಳದ ನಡುವೆ ಅವನಿಗೆ ಮಂತ್ರ ಹಾಕೋಕೆ ಬಂದ ವೈರಿಯನ್ನು ಅವಳು ಕಾಲು ಸೆಕೆಂಡಿನಲ್ಲಿ ತಡೆಯುತ್ತಾಳೆ. ಹೊಸ ಪಾತ್ರ ಶುರು ಮಾಡಿದಾಗೆಲ್ಲ ನಾನು ಮೊದಲು ಕೊಳಲು ಕೊಂಡು ಅವಳ ಕೈಗಿಟ್ಟೇ ಮುಂದೆ ಹೋಗುವುದು.