ಬಿ ಕೋಶದ ‘ಬಿ’ ಕೋಳಿಯದ್ದು

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶ, ಬಿ ಕೋಶ ಅಂತ ಎರಡು ಬಗೆ ಇವೆ. ಟಿ ಕೋಶದ ‘ಟಿ’ ಅಂದರೆ ಥೈಮಸ್, ಆ ಕೋಶಗಳು ಬೆಳೆಯುವ ಅಂಗ. ಬಿ ಕೋಶದ ‘ಬಿ’? ನಾನು ತುಂಬಾ ದಿನ ‘ಬೋನ್ ಮ್ಯಾರೋ’ (ಮೂಳೆಯ ಮಜ್ಜೆ) ಅಂತಲೇ ಬರೆಯುತ್ತಿದ್ದೆ. ಅದು ತಪ್ಪು. ಆ ಅಕ್ಷರ ಬಂದದ್ದು ಹಕ್ಕಿಗಳಲ್ಲಿರುವ ‘ಬರ್ಸಾ’ ಎಂಬ ಅಂಗದಿಂದ. ನಮ್ಮಲ್ಲಿ ಆ ಅಂಗವೇ ಇಲ್ಲ.

ಡಿಸೆಕ್ಷನ್‌ನಲ್ಲಿ ಐದಾರು ವಾರದ ಬ್ರಾಯ್ಲರ್ ಕೋಳಿ ಸಿಕ್ಕರೆ ಬಿಡದೆ ನೋಡಿ. ಬಾಲದ ಬುಡದಲ್ಲಿ, ಮಲದ್ವಾರಕ್ಕೆ ಬೆನ್ನಿನ ಕಡೆಯಿಂದ ಅಂಟಿಕೊಂಡ ಒಂದು ದುಂಡನೆಯ ಚೀಲ. ಸೀಳಿದರೆ ಒಳಗೆಲ್ಲ ಮಡಿಕೆ, ಸೀರೆಗೆ ನೆರಿಗೆ ಹಿಡಿದ ಹಾಗೆ. ಬಿ ಕೋಶಗಳು ಬೆಳೆಯುವುದು ಆ ನೆರಿಗೆಗಳಲ್ಲೇ. ಮೊಟ್ಟೆ ಇಡುವ ಕೋಳಿಯಲ್ಲಿ ಹುಡುಕಬೇಡಿ, ಅಷ್ಟರಲ್ಲಿ ಅದು ಕುಗ್ಗಿ ಹೋಗಿರುತ್ತದೆ.

ಇದರ ಕೆಲಸ ಗೊತ್ತಾದ ಕಥೆ ನನಗೆ ತುಂಬಾ ಇಷ್ಟ. 1950ರ ದಶಕ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ. ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದು ನೋಡುತ್ತಿದ್ದ. ಏನೂ ವ್ಯತ್ಯಾಸ ಕಾಣಲಿಲ್ಲ. ಅವನ ಗೆಳೆಯ ತಿಮೋತಿ ಚಾಂಗ್‌ಗೆ ತರಗತಿಯಲ್ಲಿ ಪ್ರತಿಕಾಯ (ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್) ತೋರಿಸಲು ಕೋಳಿ ಬೇಕಿತ್ತು. ಇವೇ ಕೋಳಿಗಳಿಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚುಚ್ಚಿದ. ಹಲವು ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ! ಲೇಖನವನ್ನು ಒಂದು ದೊಡ್ಡ ಪತ್ರಿಕೆ ವಾಪಸ್ ಕಳಿಸಿತು. 1956ರಲ್ಲಿ ಅದು ಅಚ್ಚಾದದ್ದು ಕೋಳಿ ಸಾಕಣೆಯ ಪತ್ರಿಕೆಯಲ್ಲಿ. ಹಾಗಾಗಿ ಎಷ್ಟೋ ವರ್ಷ ವೈದ್ಯರ ಕಣ್ಣಿಗೆ ಬೀಳಲೇ ಇಲ್ಲ.

ಕೋಳಿ ಫಾರಂನವರಿಗೆ ಇದು ಬೇರೆ ದಾರಿಯಲ್ಲಿ ಗೊತ್ತು. ಮರಿಗಳಿಗೆ ತಗಲುವ ಗಂಬೋರೋ ರೋಗದ ವೈರಸ್ ನೇರವಾಗಿ ಬರ್ಸಾಕ್ಕೇ ಬಡಿಯುತ್ತದೆ. ಉಳಿದುಕೊಂಡ ಮರಿಗೆ ಆಮೇಲೆ ರಾಣಿಖೇತ್ ಎಂಬ ಇನ್ನೊಂದು ಕೋಳಿ ರೋಗದ ಲಸಿಕೆ ಹಾಕಿದರೂ ಸರಿಯಾಗಿ ಹತ್ತುವುದಿಲ್ಲ. ಯಾಕೆ ಅಂತ ಈಗ ನೀವೇ ಹೇಳಬಹುದು, ಅಲ್ವಾ?

1965ರಲ್ಲಿ ಅಮೆರಿಕದ ರೋಗನಿರೋಧಕ ವಿಜ್ಞಾನಿ ಮ್ಯಾಕ್ಸ್ ಕೂಪರ್ ಮತ್ತು ಜೊತೆಗಾರರು ಕೆಲವು ಮರಿಗಳ ಬರ್ಸಾ, ಇನ್ನು ಕೆಲವುಗಳ ಥೈಮಸ್ ತೆಗೆದರು. ಜೊತೆಗೆ ವಿಕಿರಣವನ್ನೂ ಕೊಟ್ಟರು. ಈ ವಿಕಿರಣವನ್ನು ಮರೆಯಬೇಡಿ: ಮೊಟ್ಟೆಯಲ್ಲಿದ್ದಾಗಲೇ ಅಂಗ ಬಿಟ್ಟು ಹೊರಬಿದ್ದಿದ್ದ ಕೋಶಗಳನ್ನು ಕೊಲ್ಲಲು ಅದು ಬೇಕಿತ್ತು. ಬರ್ಸಾ ಇಲ್ಲದ ಕೋಳಿಯಲ್ಲಿ ಪ್ರತಿಕಾಯ ಇಲ್ಲ, ಆದರೆ ಬೇರೆ ಕೋಳಿಯ ಚರ್ಮ ಕಸಿ ಮಾಡಿದರೆ ತಿರಸ್ಕರಿಸುತ್ತದೆ. ಥೈಮಸ್ ಇಲ್ಲದ್ದಕ್ಕೆ ಆ ತಿರಸ್ಕರಿಸುವ ಶಕ್ತಿಯೇ ಕುಂದುತ್ತದೆ. ಅಂದರೆ ಎರಡೂ ಬೇರೆ ಬೇರೆ ಪಡೆಗಳು. ಇಲಿಯಲ್ಲಿ ಇದನ್ನು ಹೀಗೆ ಬಿಡಿಸಿ ನೋಡುವುದು ಕಷ್ಟ, ಯಾಕೆಂದರೆ ಸಸ್ತನಿಗಳ ಬಿ ಕೋಶಗಳು ಮಜ್ಜೆಯಲ್ಲಿ ಉಳಿದೆಲ್ಲದರ ಜೊತೆ ಬೆರೆತು ಬೆಳೆಯುತ್ತವೆ. ಕೋಳಿಯಲ್ಲಿ ಅದಕ್ಕೊಂದು ಪ್ರತ್ಯೇಕ ಚೀಲ ಇತ್ತು, ಕತ್ತರಿಸಿ ತೆಗೆಯಬಹುದಿತ್ತು. ಬೇರೆ ಬೇರೆ ಪ್ರಾಣಿಗಳನ್ನು ಓದುವ ಲಾಭ ನನಗೆ ಸ್ಪಷ್ಟವಾಗಿ ಕಂಡದ್ದು ಇಲ್ಲೇ.

ಅದೇ ಕೂಪರ್ ಮುಂದೆ ಲ್ಯಾಂಪ್ರೆ ಕಡೆ ತಿರುಗಿದರು. ಲ್ಯಾಂಪ್ರೆ ದವಡೆ ಇಲ್ಲದ, ಹಾವಿನಂಥ ಜಲಚರ. ನಮ್ಮ ಕವಲೂ ಅದರ ಕವಲೂ ಬೇರೆಯಾಗಿ ಸುಮಾರು 50 ಕೋಟಿ ವರ್ಷ. ಅದಕ್ಕೆ ನಮ್ಮಂಥ ಪ್ರತಿಕಾಯ ಇಲ್ಲ. ಬದಲಿಗೆ ಪೂರ್ತಿ ಬೇರೆ ಅಚ್ಚಿನ ಪ್ರೋಟೀನ್ ಇದೆ ಅಂತ 2004ರಲ್ಲಿ ಗೊತ್ತಾಯಿತು. ಆಯುಧ ಬೇರೆ, ಆದರೆ ಪಡೆಗಳು? ಅಲ್ಲೂ ಒಂದು ಬಗೆಯ ಕೋಶ ನಮ್ಮ ಬಿ ಥರ, ಇನ್ನೊಂದು ಟಿ ಥರ. 2011ರಲ್ಲಿ ಅದರ ಕಿವಿರಿನ ಎಳೆಗಳ ತುದಿಯಲ್ಲಿ ಥೈಮಸ್‌ನಂಥ ಪುಟ್ಟ ಅಂಗಾಂಶವೂ ಸಿಕ್ಕಿತು.